ಗ್ಯಾರೇಜ್ ಬೇಡ ಅನ್ನುತ್ತಿರುವವನೂ ಗ್ಯಾರೇಜಿನವನೇ

ಮಾನ್ಯ ಸಂಪಾದಕರೇ,

ನನಗೆ ಎರಡು ಕಿವಿಯೂ ಮಂದ. ಬಲಗಿವಿಗೆ ಮೆಷಿನ್ ಹಾಕಿಕೊಳ್ಳುತ್ತೇನೆ. ಅಂಥವನು ಶಬ್ದದ ಮೇಲೆ ದೂರು ಬರೆಯಲು ಕೂತಿದ್ದೇನೆ ಅಂದರೆ ಮನೆಯಲ್ಲಿ ನಗದೇ ಇರುತ್ತಾರಾ? "ನಿಮಗೇನ್ರೀ, ಮೆಷಿನ್ ತೆಗೆದು ಡಬ್ಬಿಗೆ ಹಾಕಿದ್ರೆ ಆಯ್ತು. ಕೇಳಿಸ್ಕೊಂಡು ಕೂರೋರು ನಾವು" ಅಂದಳು ನಮ್ಮಾಕೆ. ಮಾತು ನಿಜ. ಹಾಗಾಗಿ ಈ ಪತ್ರ ಅವಳ ಕಿವಿಗಳ ಪರವಾಗಿ ಬರೆದದ್ದು ಅಂದುಕೊಳ್ಳಿ.

ನಮ್ಮ ಮನೆ ಶಿವಮೊಗ್ಗದ ವಿನೋಬನಗರದ ಒಂದು ಅಡ್ಡರಸ್ತೆಯಲ್ಲಿದೆ. 30 ಅಡಿ ರಸ್ತೆ. ಎದುರಿಗೆ ಅಕ್ಕಪಕ್ಕದ ಎರಡು ಸೈಟು ಬಹಳ ವರ್ಷದಿಂದ ಖಾಲಿ ಬಿದ್ದಿದ್ದವು. ಎಕ್ಕದ ಗಿಡ, ಪಾರ್ಥೇನಿಯಂ, ಸಂಜೆ ಹೊತ್ತು ಹುಡುಗರ ಕ್ರಿಕೆಟ್ಟು. ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಹೋದ ತಿಂಗಳು ಒಂದು ಬೆಳಿಗ್ಗೆ ಜೆಸಿಬಿ ಬಂತು. ಗಿಡ ಕಿತ್ತು, ನೆಲ ಮಟ್ಟ ಮಾಡಿ, ಒಂದು ಗುಂಡಿ ತೋಡಿತು. ಬೀದಿಯವರೆಲ್ಲ ಮನೆ ಕಟ್ಟುತ್ತಾರೆ, ಅದು ನೀರಿನ ಸಂಪು ಅಂದುಕೊಂಡರು. ನಾನು ಹಾಲು ತರಲು ಹೋದವನು ಸುಮ್ನೆ ನಿಂತು ಬಗ್ಗಿ ನೋಡಿದೆ. ಮೂರಡಿ ಅಗಲ, ಹದಿನಾಲ್ಕು ಅಡಿ ಉದ್ದ, ನನ್ನ ಎದೆಯಷ್ಟು ಆಳ. ಒಂದು ತುದಿಗೆ ಇಳಿಯಲು ಮೆಟ್ಟಿಲು. ಸಂಪಿಗೆ ಯಾರಾದರೂ ಮೆಟ್ಟಿಲು ಕಟ್ಟುತ್ತಾರಾ? ಅದು ಸರ್ವಿಸ್ ಪಿಟ್. ಮೇಲೆ ಗಾಡಿ ನಿಲ್ಲಿಸಿ, ಕೆಳಗೆ ನಿಂತು ಗೇರ್ ಬಾಕ್ಸ್ ಇಳಿಸುವ ಗುಂಡಿ. ಅಂಥ ಗುಂಡಿಯಲ್ಲಿ ನಾನು 31 ವರ್ಷ ನಿಂತಿದ್ದೇನೆ.

ಹೌದು, ನಾನು ಗ್ಯಾರೇಜಿನವನೇ. ಖಾಸಗಿ ಬಸ್ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿ ಸೇರಿದೆ, ಟಿಂಕರಿಂಗ್ ಮೇಸ್ತ್ರಿಯಾಗಿ ಹೊರಗೆ ಬಂದೆ. ಮಲೆನಾಡಿನ ತಿರುವುಗಳಲ್ಲಿ ಎದುರಿನ ಲಾರಿಗೆ ಮೈ ಉಜ್ಜಿಕೊಂಡು ಬರುತ್ತಿದ್ದ ಬಸ್ಸುಗಳಿಗೆಲ್ಲ ಹೊಸ ತಗಡು ಹೊದಿಸಿದ ಕೈ ಇದು. ಆದ್ದರಿಂದ ಈ ಪತ್ರವನ್ನು ಗ್ಯಾರೇಜು ಕಂಡರೆ ಮೂಗು ಮುರಿಯುವ ಸಾಹೇಬರ ಪತ್ರ ಅಂತ ಯಾರೂ ಓದಬೇಡಿ. ಆ ಕಸುಬೇ ನನ್ನ ಮಕ್ಕಳನ್ನು ಓದಿಸಿದ್ದು.

ಗುಂಡಿ ಆದ ಮೇಲೆ ಕಬ್ಬಿಣದ ಕಂಬ ನಿಂತವು. ಮೇಲೆ ಶೀಟು ಹೊರುವ ಕಬ್ಬಿಣದ ಚೌಕಟ್ಟು, ಟ್ರಸ್, ಕೂತಿತು. ಮೂಲೆಯಲ್ಲಿ ಜಿಂಕ್ ಶೀಟುಗಳ ರಾಶಿ. ತ್ರೀ ಫೇಸ್ ಕರೆಂಟಿಗೆ ಅರ್ಜಿ ಹಾಕಿದ್ದಾರೆ ಅಂತ ಸುದ್ದಿ ಬಂತು. ತ್ರೀ ಫೇಸ್ ಅಂದರೆ ದೊಡ್ಡ ಕಂಪ್ರೆಸರ್, ವೆಲ್ಡಿಂಗ್ ಸೆಟ್ಟು. ಪಂಕ್ಚರ್ ಅಂಗಡಿಗೆ ಯಾರೂ ತ್ರೀ ಫೇಸ್ ಕೇಳುವುದಿಲ್ಲ.

ಇಷ್ಟರಲ್ಲಿ ಒಂದು ಭಾನುವಾರ ಗೇಟು ತೆಗೆದುಕೊಂಡು ಬಂದವನನ್ನು ನೋಡಿದರೆ ನಮ್ಮ ಹುಡುಗ. ಹುಡುಗ ಅಂದರೆ ಈಗ ನಲವತ್ತು ದಾಟಿದೆ. ಹದಿನಾರನೇ ವಯಸ್ಸಿನಲ್ಲಿ ನನ್ನ ಕೈಕೆಳಗೆ ಪಾನಾ ಹಿಡಿಯಲು ಕಲಿತವನು. ಕೈಯಲ್ಲಿ ಪೇಡೆ ಡಬ್ಬಿ. ಕಾಲಿಗೆ ಬಿದ್ದ.

"ಮೇಸ್ತ್ರೀ, ಸ್ವಂತ ಗ್ಯಾರೇಜ್ ಹಾಕ್ತಾ ಇದೀನಿ. ನಿಮ್ಮ ಎದುರಿಗೇ. ನಿಮ್ಮ ಆಶೀರ್ವಾದ ಬೇಕು."

ಪೇಡೆ ಬಾಯಲ್ಲಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಎಂತ ಕೆಲಸ ಮಾಡ್ತೀಯೋ ಇಲ್ಲಿ?" ಅಂದೆ.

"ಎಲ್ಲಾನೂ ಮೇಸ್ತ್ರೀ. ಕಾರು, ಓಮ್ನಿ, ಟೆಂಪೋ. ಟಿಂಕರಿಂಗ್, ಪೇಂಟಿಂಗ್, ವಾಟರ್ ಸರ್ವಿಸ್. ಪರವಾನಗಿಗೆ ಮಾತ್ರ ಸಣ್ಣ ರಿಪೇರಿ ಅಂತ ಹಾಕ್ತೀನಿ."

ಅವನು ಸುಳ್ಳ ಅಲ್ಲ. ಮುಚ್ಚಿಟ್ಟು ಗೊತ್ತಿಲ್ಲದವನು. ಅದಕ್ಕೇ ಅಷ್ಟು ಸಲೀಸಾಗಿ ಹೇಳಿಬಿಟ್ಟ. ಈ "ಸಣ್ಣ ರಿಪೇರಿ" ಅನ್ನುವ ಎರಡು ಮಾತಿನ ಒಳಗೆ ಏನೇನು ಇರುತ್ತದೆ ಅಂತ ಬೀದಿಯವರಿಗೆ ಗೊತ್ತಿಲ್ಲ. ಅರ್ಜಿ ನೋಡುವ ಅಧಿಕಾರಿಗಳಿಗೂ ಗೊತ್ತಿರಬೇಕು ಅಂತೇನಿಲ್ಲ. ನನಗೆ ಗೊತ್ತು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟಿಂಕರಿಂಗ್ ಅಂದರೆ ನಗ್ಗಿದ ತಗಡನ್ನು ನೆಟ್ಟಗೆ ಮಾಡುವುದು. ಹಿಂದಿನಿಂದ ಒಂದು ಕೈಯಲ್ಲಿ ಡಾಲಿ ಅನ್ನುವ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಮುಂದಿನಿಂದ ಸುತ್ತಿಗೆಯಲ್ಲಿ ಬಡಿಯಬೇಕು. ಒಂದೇ ಸಲ ಜೋರಾಗಿ ಹೊಡೆದರೆ ತಗಡು ಹಿಗ್ಗಿಬಿಡುತ್ತದೆ. ಹಾಗಾಗಿ ಸಣ್ಣ ಸಣ್ಣ ಏಟು, ನೂರಾರು ಏಟು, ಅಂಚಿನಿಂದ ಒಳಕ್ಕೆ. ಶುರುವಿನಲ್ಲಿ ಡೋರು ಖಾಲಿ ಡಬ್ಬದ ಹಾಗೆ "ಡಂಯ್" ಅನ್ನುತ್ತದೆ. ತಗಡು ಡಾಲಿಗೆ ಕೂರುತ್ತಾ ಬಂದ ಹಾಗೆ ಸದ್ದು ಗಟ್ಟಿಯಾಗಿ "ಟಣ್" ಆಗುತ್ತದೆ. ಒಳ್ಳೆ ಮೇಸ್ತ್ರಿ ಕಣ್ಣಿಗಿಂತ ಜಾಸ್ತಿ ಕಿವಿಯಿಂದಲೇ ಕೆಲಸ ಮಾಡುತ್ತಾನೆ. ಸದ್ದು ಬದಲಾಯಿತು ಅಂದರೆ ನಗ್ಗು ಎದ್ದಿತು ಅಂತ ಅರ್ಥ. ನನಗೆ ಆ "ಟಣ್" ಸಂಗೀತದ ಹಾಗಿತ್ತು. ಅದು ಎದುರು ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಗೂ ಸಂಗೀತ ಆಗುತ್ತದೆ ಅಂತ ಹೇಳಲು ನಾನು ತಯಾರಿಲ್ಲ.

ತಗಡಿನ ಮೇಲೆ ಸುತ್ತಿಗೆ ಬಿದ್ದರೆ ಹತ್ತಿರದಲ್ಲಿ 100 ಡೆಸಿಬಲ್ ದಾಟುವುದು ಮಾಮೂಲು. ಬಯಲಲ್ಲಿ ಆದರೆ ದೂರ ಎರಡು ಪಟ್ಟಾದ ಹಾಗೆಲ್ಲ 6 ಡೆಸಿಬಲ್ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಮೀಟರಿನಲ್ಲಿ 100 ಇದ್ದದ್ದು 30 ಅಡಿ ರಸ್ತೆ ದಾಟಿ ನಮ್ಮ ಜಗಲಿಗೆ ಬರುವ ಹೊತ್ತಿಗೆ ಸುಮಾರು 80. ಅದೂ ಬಯಲ ಲೆಕ್ಕ. ನಮ್ಮದು ಬಯಲಲ್ಲ. ಎರಡೂ ಕಡೆ ಗೋಡೆ, ಮೇಲೆ ಜಿಂಕ್ ಶೀಟು. ಶೀಟಿನ ಕೆಳಗೆ ಹುಟ್ಟಿದ ಸದ್ದಿಗೆ ಮೇಲೆ ಹೋಗಲು ದಾರಿ ಇಲ್ಲ. ಬಡಿದುಕೊಂಡು ವಾಪಸ್ ಬಂದು ಬೀದಿಗೇ ಬೀಳುತ್ತದೆ.

ಸುತ್ತಿಗೆಯಾದರೂ ಮನುಷ್ಯನ ಕೈ. ಊಟಕ್ಕೆ ಹೋದಾಗ ನಿಲ್ಲುತ್ತದೆ. ಕಂಪ್ರೆಸರ್ ಹಾಗಲ್ಲ. ಟ್ಯಾಂಕಿನಲ್ಲಿ ಗಾಳಿ ಇಳಿದರೆ ತನ್ನಷ್ಟಕ್ಕೆ ಶುರುವಾಗುತ್ತದೆ, ತುಂಬಿದ ಮೇಲೆ ನಿಲ್ಲುತ್ತದೆ. ಪೈಪಿನಲ್ಲಿ ಎಲ್ಲೋ ಸಣ್ಣ ಲೀಕು ಇದ್ದು, ಹುಡುಗರು ರಾತ್ರಿ ಮೇನ್ ಆಫ್ ಮಾಡದೆ ಶಟರ್ ಎಳೆದು ಹೋದರು ಅನ್ನಿ. ರಾತ್ರಿ ಎರಡು ಗಂಟೆಗೆ ಅದು ತಾನಾಗಿ ಎದ್ದು ಗುಡುಗುಟ್ಟುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ. ಬೀಗ ಹಾಕಿದ ಅಂಗಡಿ, ಫೋನ್ ಎತ್ತದ ಮಾಲೀಕ. ನಮ್ಮ ವರ್ಕ್‌ಶಾಪಿನಲ್ಲಿ ವಾಚ್‌ಮನ್ ಇದ್ದ, ಎದ್ದು ಆಫ್ ಮಾಡುತ್ತಿದ್ದ. ಇಲ್ಲಿ ಯಾರಿದ್ದಾರೆ?

ಇನ್ನು ಗ್ರೈಂಡರು. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟಿಗೆ ಉಳಿ ಸುತ್ತಿಗೆ. ಚಕ್ರ ಬಿಚ್ಚುವ ಇಂಪ್ಯಾಕ್ಟ್ ಗನ್ನು. ಸೈಲೆನ್ಸರ್ ಇಳಿಸಿ ಎಕ್ಸಲೇಟರ್ ಒತ್ತಿ ಎಂಜಿನ್ನಿನ ಸದ್ದು ಕೇಳುವುದು. ರಿಪೇರಿ ಆಯಿತು ಅಂತ ಅದೇ ಬೀದಿಯಲ್ಲಿ ಟ್ರಯಲ್ ಹೊಡೆಯುವುದು, ಬ್ರೇಕು ಹಿಡಿಯುತ್ತಾ ಅಂತ ಕಿರ್ರನೆ ನಿಲ್ಲಿಸುವುದು. ಹಾರ್ನ್ ರಿಪೇರಿ ಮಾಡಿದರೆ ಹಾರ್ನ್ ಹೊಡೆದೇ ನೋಡಬೇಕು, ಬೇರೆ ದಾರಿ ಇಲ್ಲ. ಇದ್ಯಾವುದೂ ಬೇಜವಾಬ್ದಾರಿ ಅಲ್ಲ. ಆ ಕೆಲಸ ಇರುವುದೇ ಹಾಗೆ. ಎಷ್ಟೇ ಒಳ್ಳೆ ಹುಡುಗನಾದರೂ ಸದ್ದಿಲ್ಲದೆ ಡೆಂಟು ತೆಗೆಯಲಾರ.

ನನ್ನ ಕಿವಿಯ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರ್ಖಾನೆ ನಿಯಮದಲ್ಲಿ ದಿನಕ್ಕೆ 8 ಗಂಟೆ ಕೆಲಸಕ್ಕೆ 90 ಡೆಸಿಬಲ್ ಮಿತಿ ಅಂತ ಇದೆ. ಇದು ನನಗೆ ಗೊತ್ತಾದದ್ದು ನಿವೃತ್ತಿ ಆದಮೇಲೆ. ಆಗ ನಾವು ಕಾಟನ್ ವೇಸ್ಟನ್ನು ಉಂಡೆ ಮಾಡಿ ಕಿವಿಗೆ ತುರುಕಿಕೊಳ್ಳುತ್ತಿದ್ದೆವು. ಅದನ್ನೂ ಸೆಖೆ ಆಯಿತು ಅಂತ ತೆಗೆದು ಬಿಸಾಡುತ್ತಿದ್ದೆವು. ಕಿವಿ ಹೋಗುವುದು ಒಂದೇ ದಿನ ಗೊತ್ತಾಗುವುದಿಲ್ಲ. ಒಂದು ಸಲ ತೀರ್ಥಹಳ್ಳಿ ಕಡೆ ತಂಗಿ ಮನೆಗೆ ಹೋಗಿದ್ದೆ. ಸಂಜೆ ಅಂಗಳದಲ್ಲಿ ಕೂತು, "ಈ ಸಲ ಜೀರುಂಡೆನೇ ಇಲ್ವಲ್ಲ" ಅಂದೆ. ತಂಗಿಯ ಮೊಮ್ಮಗು ನನ್ನ ಮುಖವನ್ನೇ ನೋಡಿತು. ಕಾಡಿಗೆ ಕಾಡೇ ಕಿರುಚುತ್ತಿತ್ತಂತೆ. ನನಗೆ ಒಂದೂ ಇಲ್ಲ.

ಆಮೇಲೆ ಮೈಸೂರಿಗೆ ಹೋಗಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದರೆ ಬಟನ್ ಒತ್ತಿ ಅಂದರು. ಕೊನೆಗೆ ಒಂದು ಗ್ರಾಫ್ ಕೊಟ್ಟರು. ಗೆರೆ ನೆಟ್ಟಗೆ ಬಂದು ಕೀರಲು ಸದ್ದಿನ ಕಡೆ, 4,000 ಹರ್ಟ್ಸ್ ಹತ್ತಿರ, ಗುಂಡಿಗೆ ಬಿದ್ದ ಹಾಗೆ ಕೆಳಗಿಳಿದಿದೆ. "ಏನು ಕೆಲಸ ಮಾಡ್ತಿದ್ರಿ?" ಅಂತ ಅಲ್ಲಿನ ಹುಡುಗಿ ಕೇಳಿದಳು. ಹೇಳಿದೆ. ತಲೆಯಾಡಿಸಿದಳು. ಜೋರು ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಗೆರೆ ಹೀಗೇ ಇಳಿಯುತ್ತದಂತೆ. ಈಗ ಮಾತು ಕೇಳಿಸುತ್ತದೆ, ಆದರೆ ಸ, ಶ, ತ, ಕ ಕಲಸಿಹೋಗುತ್ತವೆ. ಹೆಂಡತಿ "ಸೊಪ್ಪು ತನ್ನಿ" ಅಂದರೆ ನಾನು ಉಪ್ಪು ತಂದಿರುತ್ತೇನೆ.

ಹಾಗಂತ ಎದುರಿಗೆ ಗ್ಯಾರೇಜ್ ಬಂದರೆ ಬೀದಿಯವರಿಗೆಲ್ಲ ಕಿವುಡು ಬರುತ್ತದೆ ಅಂತ ನಾನು ಹೆದರಿಸುವುದಿಲ್ಲ. 30 ಅಡಿ ದೂರಕ್ಕೆ ಕಿವಿ ಹೋಗಲಾರದು. ಹೋಗುವುದು ನಿದ್ದೆ, ಓದು, ಮನಸ್ಸಿನ ಸಮಾಧಾನ. ನಮ್ಮ ಬಲಗಡೆ ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದಾರೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಬಂದು ಮಲಗುತ್ತಾರೆ. ಗ್ಯಾರೇಜಿನವರು ಮೊದಲ ಸುತ್ತಿಗೆ ಎತ್ತುವುದು ಒಂಬತ್ತಕ್ಕೆ. ಕಾನೂನಿನ ಪುಸ್ತಕದಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ನರ್ಸಮ್ಮನ ರಾತ್ರಿಗೆ ಅದರಲ್ಲಿ ಜಾಗವೇ ಇಲ್ಲ. ಮೂರನೇ ಮನೆಯ ಅಜ್ಜಿಗೆ ಪಾರ್ಶ್ವವಾಯು. ಹಾಸಿಗೆಯಲ್ಲೇ ಇದ್ದಾರೆ. ಮಂಚ ಇರುವುದು ರಸ್ತೆ ಕಡೆಯ ಕೋಣೆಯಲ್ಲಿ, ಓಡಾಡುವವರು ಕಾಣಲಿ ಅಂತ ಮಗ ಅಲ್ಲೇ ಹಾಕಿಸಿದ್ದಾನೆ. ಇನ್ನು ಮುಂದೆ ಆ ಕಿಟಕಿ ಮುಚ್ಚಬೇಕಾಗುತ್ತದೆ.

ಕಾನೂನಿನ ಮಾತು ಬಂತಲ್ಲ. ನನ್ನ ಮಗಳು ಕೂತು ಓದಿ ಹೇಳಿದ್ದಾಳೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2000ದಲ್ಲಿ ಶಬ್ದಮಾಲಿನ್ಯ ನಿಯಮ ತಂದಿದೆ. ಮನೆಗಳಿರುವ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಅಂಗಡಿ ಬೀದಿಗೆ ಹಗಲು 65, ರಾತ್ರಿ 55. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. 55ಕ್ಕೂ 75ಕ್ಕೂ ಇಪ್ಪತ್ತೇ ತಾನೇ ಅಂತ ನಾನೂ ಅಂದುಕೊಂಡಿದ್ದೆ. ಡೆಸಿಬಲ್ ಲೆಕ್ಕ ಕೆಜಿ ಲೆಕ್ಕದ ಹಾಗಲ್ಲ. ಪ್ರತಿ 10 ಏರಿದಾಗಲೂ ಸದ್ದಿನ ಶಕ್ತಿ ಹತ್ತು ಪಟ್ಟು. 20 ಏರಿದರೆ ನೂರು ಪಟ್ಟು. ಕಿವಿಗೆ ಅದು ಹೆಚ್ಚುಕಮ್ಮಿ ನಾಲ್ಕು ಪಟ್ಟು ಜೋರಾಗಿ ಕೇಳಿಸುತ್ತದೆ.

ಆ ನಿಯಮದಲ್ಲಿ ಒಂದು ತಮಾಷೆ ಇದೆ. ಹಗಲಲ್ಲಿ ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ ಆದಾಗ ಮಾತ್ರ ದೂರು ಕೊಡಬಹುದು ಅಂತಿದೆ. ಅಂದರೆ ಮನೆ ಬೀದಿಯ 55ಕ್ಕೆ 10 ಸೇರಿಸಿ, 65. ಅದು ಅಂಗಡಿ ಬೀದಿಯ ಮಿತಿ! ನಮ್ಮ ಬೀದಿ ಗಾಂಧಿ ಬಜಾರ್ ಆಗುವವರೆಗೆ ನಾವು ಬಾಯಿ ಬಿಡುವ ಹಾಗಿಲ್ಲ. ಅಳತೆಯೂ ಒಂದೊಂದು ಏಟಿನ ಲೆಕ್ಕ ಅಲ್ಲ, ಇಷ್ಟು ಹೊತ್ತಿನ ಸರಾಸರಿ. ಟೀ ಕುಡಿಯುವ ಹೊತ್ತಿನಲ್ಲಿ ಮೀಟರ್ ಇಟ್ಟರೆ ಗ್ಯಾರೇಜು ದೇವಸ್ಥಾನದ ಹಾಗೆ ಶಾಂತವಾಗಿರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ. ಗ್ಯಾರೇಜು ಶುರುವಾದ ಮೇಲೆ ಸದ್ದು ಅಳೆದುಕೊಂಡು ಜಗಳ ಆಡುವುದಕ್ಕಿಂತ ಪರವಾನಗಿ ಕೊಡುವ ಮೊದಲೇ ನೋಡುವುದು ಎಲ್ಲರಿಗೂ ಒಳ್ಳೆಯದು. ನಮ್ಮ ಹುಡುಗನಿಗೂ ಅದೇ ಒಳ್ಳೆಯದು. ಸಾಲ ಮಾಡಿ ಮೆಷಿನ್ ತಂದು ಕೂರಿಸಿದ ಮೇಲೆ ಬೀಗ ಹಾಕಿ ಅಂದರೆ ಅವನು ಎಲ್ಲಿಗೆ ಹೋಗಬೇಕು?

ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿ ಅಂತ ಒಂದಿದೆ. ಯಾವ ಉದ್ದಿಮೆಯಿಂದ ಎಷ್ಟು ಮಾಲಿನ್ಯ ಅಂತ ಜಾಸ್ತಿಯಿಂದ ಕಮ್ಮಿಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತೆಲ್ಲ ಬಣ್ಣ ಕೊಟ್ಟಿದ್ದಾರೆ. ಕೇಂದ್ರ ಮಂಡಳಿ 2016ರಲ್ಲಿ ಮಾಡಿದ ಪಟ್ಟಿಯಲ್ಲಿ ವಾಹನಗಳ ಸರ್ವಿಸ್, ರಿಪೇರಿ, ಪೇಂಟಿಂಗ್ ಎಲ್ಲ ಕಿತ್ತಳೆ ಬಣ್ಣದಲ್ಲಿತ್ತು. ಕೆಂಪಿನ ಪಕ್ಕದ ಮನೆ. ಅದಕ್ಕೆ ರಾಜ್ಯ ಮಂಡಳಿಯ ಸಮ್ಮತಿ ಬೇಕು. "ಸಣ್ಣ ರಿಪೇರಿ" ಅಂತ ಬರೆದ ಕೂಡಲೇ ಕಿತ್ತಳೆ ಬಿಳಿ ಆಗುವುದಿಲ್ಲ ಅಲ್ವಾ? ಥಿನ್ನರ್ ವಾಸನೆ, ವೇಸ್ಟ್ ಆಯಿಲ್, ವಾಟರ್ ಸರ್ವಿಸಿನ ನೀರು ಮೋರಿಗೆ ಹೋಗಿ ಆಮೇಲೆ ತುಂಗೆಗೆ ಸೇರುವುದು, ಇವೆಲ್ಲ ಬೇರೆ ಪತ್ರಕ್ಕಾಗುವ ವಿಷಯ. ಇವತ್ತು ಸದ್ದು ಮಾತ್ರ.

ನನಗೆ ಎದುರು ಮಾತು ಹೇಳುವವರೂ ಇದ್ದಾರೆ. ಹಿಂದಿನ ಬೀದಿಯ ಮೇಷ್ಟ್ರು ಕೇಳಿದರು, "ನಿಮ್ಮ ಬೀದಿ ಏನು ತಪೋವನವಾ?" ಅಲ್ಲ. ಬೆಳಿಗ್ಗೆ ಕುಕ್ಕರ್ ಸೀಟಿ, ಹಳೇ ಪೇಪರಿನವನ ಕೂಗು, ಗಣೇಶನ ಹಬ್ಬದಲ್ಲಿ ಮೈಕು, ಸೈಲೆನ್ಸರ್ ಬದಲಾಯಿಸಿದ ಬೈಕಿನಲ್ಲಿ ಮೆರೆಯುವ ಹುಡುಗರು, ಎಲ್ಲ ಇದೆ. ಮಳೆಗಾಲದಲ್ಲಿ ನಮ್ಮದೇ ಸ್ನಾನದ ಮನೆಯ ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಟಿವಿ ಕೇಳುವುದಿಲ್ಲ. ಆದರೆ ಹಬ್ಬ ಮುಗಿಯುತ್ತದೆ, ಮಳೆ ನಿಲ್ಲುತ್ತದೆ. ಮಳೆ ಸದ್ದಿನಲ್ಲಿ ನಿದ್ದೆ ಇನ್ನೂ ಚೆನ್ನಾಗಿ ಬರುತ್ತದೆ, ಅದು ಬೇರೆ ಮಾತು. ಸುತ್ತಿಗೆ ಏಟಿನ ತೊಂದರೆ ಏನೆಂದರೆ ಮುಂದಿನ ಏಟು ಯಾವಾಗ ಅಂತ ಗೊತ್ತಿರುವುದಿಲ್ಲ. ನಿಂತಿತು ಅಂತ ಕಣ್ಣು ಮುಚ್ಚಿದ ಕೂಡಲೇ "ಡಂಯ್". ಹೊಡೆಯುವವನಿಗೆ ಗೊತ್ತಿರುತ್ತದೆ, ಕೇಳುವವನಿಗೆ ಗೊತ್ತಿರುವುದಿಲ್ಲ. ವ್ಯತ್ಯಾಸ ಅಲ್ಲಿದೆ.

ಇನ್ನೊಬ್ಬರು, "ಬಡವನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ, ಅದೂ ನಿಮ್ಮ ಶಿಷ್ಯನ ಹೊಟ್ಟೆ ಮೇಲೆ" ಅಂದರು. ಈ ಮಾತು ಚುಚ್ಚಿತು. ಎರಡು ದಿನ ಪತ್ರ ಬರೆಯಲಿಲ್ಲ.

ಮೂರನೇ ದಿನ ಅವನನ್ನೇ ಕರೆದೆ. ಜಗಲಿಯಲ್ಲಿ ಕೂರಿಸಿದೆ. "ಸಾಗರ ರಸ್ತೆಯಲ್ಲಿ ಆಟೋ ಕಾಂಪ್ಲೆಕ್ಸ್ ಇದೆಯಲ್ಲೋ. ನಿನ್ನಂಥವರಿಗೇ ಇರೋ ಜಾಗ ಅದು. ಅಲ್ಲಿ ಯಾಕೆ ಹಾಕಲ್ಲ?" ಅಂದೆ.

ಈ ಊರಿನವರಲ್ಲದ ಓದುಗರಿಗೆ ಹೇಳಬೇಕು. ಶಿವಮೊಗ್ಗದಲ್ಲಿ ಗ್ಯಾರೇಜು, ಲೇತು, ಬಾಡಿ ಬಿಲ್ಡಿಂಗು, ಸ್ಪೇರ್ ಪಾರ್ಟ್ಸ್ ಎಲ್ಲ ಒಂದೇ ಕಡೆ ಇರುವ ಜಾಗ ಅದು. ಅಲ್ಲಿ ಎಷ್ಟು ಬಡಿದರೂ ಯಾರ ನಿದ್ದೆಯೂ ಕೆಡುವುದಿಲ್ಲ. ಪಕ್ಕದವನೂ ಬಡಿಯುತ್ತಿರುತ್ತಾನೆ. ಒಂದು ಬುಷ್ ಬೇಕಾದರೆ ಎದುರಿನ ಲೇತಿನವನು ಅರ್ಧ ಗಂಟೆಯಲ್ಲಿ ತಿರುಗಿಸಿ ಕೊಡುತ್ತಾನೆ. ಅಲ್ಲಿಗೆ ಹೋದರೆ ನನಗೆ ಈಗಲೂ ಖುಷಿ. ಕಿವಿ ಮೆಷಿನ್ನಿನ ಸೌಂಡು ಕಮ್ಮಿ ಮಾಡಿಕೊಂಡು ಹೋಗುತ್ತೇನೆ ಅಷ್ಟೆ.

ಅವನು ಸ್ವಲ್ಪ ಹೊತ್ತು ಕಾಲ ಬೆರಳಿನಲ್ಲಿ ನೆಲ ಕೆರೆದ. "ಅಲ್ಲಿ ಬಾಡಿಗೆ ಕೊಟ್ಟು ಪೂರೈಸಕ್ಕಾಗಲ್ಲ ಮೇಸ್ತ್ರೀ. ಅಡ್ವಾನ್ಸೇ ನನ್ನ ಕೈಲಿ ಆಗಲ್ಲ. ಆಮೇಲೆ ಈಗಿನ ಗಿರಾಕಿಗಳು ಮನೆ ಹತ್ರ ಇದ್ರೆ ಮಾತ್ರ ಬರ್ತಾರೆ. ಬೆಳಿಗ್ಗೆ ಬಿಟ್ಟು ಆಫೀಸಿಗೆ ಹೋಗ್ಬೇಕು, ಸಂಜೆ ತಗೊಂಡು ಹೋಗ್ಬೇಕು. ಅಷ್ಟು ದೂರ ಯಾರು ಬರ್ತಾರೆ?"

ಅವನು ಹೇಳಿದ್ದರಲ್ಲಿ ಅರ್ಧ ನಿಜ. ದೂರದ ಮಾತು ನಾನು ಒಪ್ಪುವುದಿಲ್ಲ, ನಮ್ಮ ಮನೆಯಿಂದ ಬೈಕಿನಲ್ಲಿ ಹದಿನೈದು ನಿಮಿಷ. ಬಾಡಿಗೆಯ ಮಾತು ಒಪ್ಪುತ್ತೇನೆ. ಕೈಯಲ್ಲಿ ಕೆಲಸ ಇದ್ದು ಜೇಬಿನಲ್ಲಿ ದುಡ್ಡಿಲ್ಲದ ಹುಡುಗರು ಅಡ್ಡರಸ್ತೆಗಳ ಖಾಲಿ ಸೈಟು ಹುಡುಕುವುದು ಅದಕ್ಕೇ. ಗ್ಯಾರೇಜು ಮನೆಗಳ ಮಧ್ಯೆ ಬರಬಾರದು ಅಂದರೆ ಅವು ಇರಬೇಕಾದ ಕಡೆ ಅಂಥವರಿಗೆ ಸಣ್ಣ ಶೆಡ್ಡು ಕೈಗೆಟಕುವ ಬಾಡಿಗೆಗೆ ಸಿಗಬೇಕು. ನಾಲ್ಕು ಜನ ಸೇರಿ ಒಂದು ಕಂಪ್ರೆಸರ್, ಒಂದು ಪೇಂಟ್ ಬೂತ್ ಹಂಚಿಕೊಂಡರೂ ನಡೆಯುತ್ತದೆ. ಕೆಲಸ ಗೊತ್ತಿರುವವನಾಗಿ ಹೇಳುತ್ತೇನೆ, ಡೋರ್ ಬಡಿಯುವವನಿಗೂ ಪೇಂಟ್ ಹೊಡೆಯುವವನಿಗೂ ದಿನವಿಡೀ ಕಂಪ್ರೆಸರ್ ಬೇಕಾಗುವುದಿಲ್ಲ. ನಗರದ ಯೋಜನೆ ಮಾಡುವವರು ನಕ್ಷೆಯಲ್ಲಿ ಮನೆಗಳಿಗೆ ಹಳದಿ ಬಣ್ಣ ಬಳಿದು ಕೈ ತೊಳೆದುಕೊಂಡರೆ ಸಾಲದು. ಆ ಹಳದಿಯಿಂದ ಹೊರಗೆ ಹೋಗು ಅಂದವನಿಗೆ ಹೋಗಲು ಜಾಗವನ್ನೂ ತೋರಿಸಬೇಕು.

ಎಲ್ಲ ಗ್ಯಾರೇಜಿಗೂ ನನ್ನ ವಿರೋಧ ಇಲ್ಲ ಅಂತ ಅವನಿಗೂ ಹೇಳಿದೆ, ಇಲ್ಲೂ ಬರೆಯುತ್ತೇನೆ. ಬೀದಿಗೆ ಒಂದು ಪಂಕ್ಚರ್ ಅಂಗಡಿ ಬೇಕು. ಸ್ಕೂಟರಿನ ಆಯಿಲ್ ಬದಲಾಯಿಸಲು, ಬ್ರೇಕ್ ಟೈಟ್ ಮಾಡಲು, ಬ್ಯಾಟರಿ, ವೈರಿಂಗ್ ನೋಡಲು ಒಬ್ಬ ಹತ್ತಿರ ಇದ್ದರೆ ನಮ್ಮ ಬೀದಿಯ ಹೆಣ್ಣುಮಕ್ಕಳಿಗೇ ಅನುಕೂಲ. ಅಷ್ಟಕ್ಕೆ ಯಾರ ತಕರಾರೂ ಇಲ್ಲ. ಟಿಂಕರಿಂಗ್, ಗ್ರೈಂಡಿಂಗ್, ಪೇಂಟಿಂಗ್ ಇಲ್ಲಿ ಬೇಡ. ಅದನ್ನು ಆಟೋ ಕಾಂಪ್ಲೆಕ್ಸಿನಲ್ಲಿ ಯಾರದ್ದಾದರೂ ಶೆಡ್ಡಿನಲ್ಲಿ ಪಾಲಿಗೆ ಮಾಡು, ನಾನು ಇಬ್ಬರು ಹಳೇ ಮೇಸ್ತ್ರಿಗಳ ಹತ್ತಿರ ಮಾತಾಡುತ್ತೇನೆ ಅಂದೆ. ಇಲ್ಲಿ ಸಣ್ಣ ಕಂಪ್ರೆಸರ್ ಇಡು, ಮೂರೂ ಕಡೆ ಇಟ್ಟಿಗೆ ಗೋಡೆ ಇರುವ ಗೂಡಿನಲ್ಲಿ, ಕೆಳಗೆ ರಬ್ಬರ್ ಹಾಕಿ. ಬೀಗ ಹಾಕುವ ಮುಂಚೆ ಮೇನ್ ಆಫ್. ಒಂಬತ್ತೂವರೆಗೆ ಶುರು, ಆರೂವರೆಗೆ ಬಂದ್, ಭಾನುವಾರ ರಜೆ. ಟ್ರಯಲ್ 100 ಅಡಿ ರಸ್ತೆಯಲ್ಲಿ ಹೊಡಿ, ಇಲ್ಲಿ ಬೇಡ. ಇದನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂಬದಿಗೆ ನನ್ನ ಕೈಯಾರೆ ಬರೆದು ಕೊಟ್ಟೆ.

ಅವನು ಓದಿದ. "ಮೇಸ್ತ್ರೀ, ಟಿಂಕರಿಂಗ್ ಇಲ್ದೆ ದುಡ್ಡೆಲ್ಲಿದೆ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೂ ಅನ್ನ ಹಾಕಿದ್ದು ಅದೇ ತಾನೇ. ನಮ್ಮಾಕೆ ಕಾಫಿ ತಂದಳು, ಅವನ ಹೆಂಡತಿ ಮಕ್ಕಳ ವಿಷಯ ಕೇಳಿದಳು. ಹೋಗುವಾಗ ಆ ಕಾಗದ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡ. ಬಿಸಾಡಲಿಲ್ಲ, ಅಷ್ಟು ನೋಡಿದೆ.

ಬೀದಿಯ ಹನ್ನೊಂದು ಮನೆಯವರು ಸಹಿ ಹಾಕಿ ತಕರಾರು ಅರ್ಜಿ ಕೊಟ್ಟಿದ್ದೇವೆ. ಸ್ವೀಕೃತಿ ಸಿಕ್ಕಿದೆ. ಇಬ್ಬರು ಸಹಿ ಹಾಕಲಿಲ್ಲ. ಒಬ್ಬರಿಗೆ ಎರಡು ಕಾರಿದೆ, ಎದುರಿಗೇ ರಿಪೇರಿ ಆಗುತ್ತದೆ ಅನ್ನುವ ಆಸೆ. ಇನ್ನೊಬ್ಬರು "ನಂಗ್ಯಾಕೆ ಬೇಕು ಊರ ಉಸಾಬರಿ" ಅಂದರು. ಇರಲಿ.

ಪರವಾನಗಿ ಕೊಡುವವರಲ್ಲಿ ನಾನು ಕೇಳುವುದು ಇಷ್ಟು. ಅರ್ಜಿಯಲ್ಲಿ "ಸಣ್ಣ ರಿಪೇರಿ" ಅಂತಿದ್ದರೆ ಅದನ್ನು ಬಿಡಿಸಿ ಬರೆಸಿ. ಯಾವ ವಾಹನ, ಯಾವ ಕೆಲಸ, ಯಾವ ಮೆಷಿನ್, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ. ಬರೆದದ್ದನ್ನು ಪರವಾನಗಿಯಲ್ಲೇ ಷರತ್ತಾಗಿ ಹಾಕಿ. ಸ್ಥಳ ನೋಡಲು ಬರುವವರು ಖಾಲಿ ಶೆಡ್ಡು ನೋಡಿ ವಾಪಸ್ ಹೋಗಬೇಡಿ. ಖಾಲಿ ಶೆಡ್ಡು ಸದ್ದು ಮಾಡುವುದಿಲ್ಲ. ಮೊದಲು ಆಟೋ ಕಾಂಪ್ಲೆಕ್ಸಿಗೆ ಹೋಗಿ, ಒಂದು ಡೋರು ಬಡಿಯುವ ಕಡೆ ಮೂವತ್ತು ಅಡಿ ದೂರದಲ್ಲಿ ಕಾಲು ಗಂಟೆ ನಿಂತು, ಆಮೇಲೆ ನಮ್ಮ ಬೀದಿಗೆ ಬನ್ನಿ. ಬಂದರೆ ಬೆಳಿಗ್ಗೆ ಒಂಬತ್ತರ ಮೇಲೆ ಬನ್ನಿ, ಆದರೆ ಗೇಟು ಮೆಲ್ಲಗೆ ತೆಗೆಯಿರಿ. ಆಗಷ್ಟೇ ನರ್ಸಮ್ಮ ಮಲಗಿರುತ್ತಾರೆ.

ಈ ಪತ್ರಕ್ಕೆ ನನ್ನ ಹೆಸರು ಹಾಕಬೇಡಿ ಅಂತ ವಿನಂತಿ. ಹೆದರಿಕೆಗಲ್ಲ. ಹೆಸರು ನೋಡಿದರೆ ಆ ಹುಡುಗನ ಹೆಸರೂ ಊರಿಗೆ ಗೊತ್ತಾಗಿಬಿಡುತ್ತದೆ. ನಾಳೆ ಅವನು ಎಲ್ಲಿ ಗ್ಯಾರೇಜ್ ಹಾಕಿದರೂ ಮೊದಲ ಗಾಡಿ ನಮ್ಮದೇ ಹೋಗುವುದು.

ನಿನ್ನೆ ಸಂಜೆಯವರೆಗೂ ಟ್ರಸ್ಸಿನ ಮೇಲೆ ಶೀಟು ಹೊದಿಸಿಲ್ಲ. ರಾಶಿ ಹಾಗೇ ಇದೆ. ಅದರ ಪಕ್ಕದಲ್ಲಿ ಹುಡುಗರು ಇನ್ನೂ ಕ್ರಿಕೆಟ್ ಆಡುತ್ತಿದ್ದಾರೆ, ಚೆಂಡು ಮಾತ್ರ ಆಗಾಗ ಪಿಟ್ಟಿಗೆ ಬೀಳುತ್ತದೆ.

ಇಂತಿ,
ಒಬ್ಬ ನಿವೃತ್ತ ಟಿಂಕರಿಂಗ್ ಮೇಸ್ತ್ರಿ
ವಿನೋಬನಗರ, ಶಿವಮೊಗ್ಗ